ಎಣಿಕೆಗೆ ಬಾರದ ಎರಡು ಬಿಲ್ಲೆ

ಗುಂಡಿ ಟೀಚರಿಗೆ ಆ ಹೆಸರಿಟ್ಟವರು ಮಕ್ಕಳು. ಅಸಲು ಹೆಸರು ಹಾಜರಿ ಪುಸ್ತಕದ ಮೇಲೆ ಇತ್ತು, ಆದರೆ ಅದನ್ನು ಓದುವ ವಯಸ್ಸಿನವರು ಆ ಶಿಶುವಿಹಾರದ ಕೋಣೆಯಲ್ಲಿ ಯಾರೂ ಇರಲಿಲ್ಲ. ದರ್ಜಿಯ ಮಗಳು ಅವರು. ಅಪ್ಪನ ಹೊಲಿಗೆ ಯಂತ್ರದ ಕೆಳಗೆ ಅಂಬೆಗಾಲಿಟ್ಟು, ಉದುರಿದ ಗುಂಡಿಗಳನ್ನು ಹೆಕ್ಕಿ ಡಬ್ಬಿಗೆ ತುಂಬುವುದೇ ಅವರ ಬಾಲ್ಯದ ಆಟ. ಮದುವೆಯಾಗಿ ಬರುವಾಗ ಒಡವೆಗಿಂತ ಆ ಡಬ್ಬಿಯನ್ನೇ ಜೋಪಾನವಾಗಿ ತಂದರು ಎಂದು ಮಕ್ಕಳನ್ನು ನೋಡಿಕೊಳ್ಳುವ ಆಯಮ್ಮ ತಮಾಷೆ ಮಾಡುತ್ತಿದ್ದಳು. ಇಪ್ಪತ್ತಾರು ವರ್ಷಗಳಿಂದ ಅದೇ ಡಬ್ಬಿ, ಅದೇ ಕೋಣೆ, ದೊಡ್ಡ ಜೇಬುಗಳ ಅದೇ ನೀಲಿ ಏಪ್ರನ್.

ಆ ಕೋಣೆಯಲ್ಲಿ ಮಕ್ಕಳಿಗೂ ಹೆಸರು ಕಡಿಮೆ. ಗೋಡೆಯ ಮೇಲೆ ಹನ್ನೊಂದು ಗೂಟ, ಗೂಟದ ಮೇಲೊಂದೊಂದು ಚಿತ್ರ. ಯಾರ ಚೀಲ ಯಾವ ಚಿತ್ರದ ಕೆಳಗೆ ತೂಗುತ್ತದೋ ಅವರಿಗೆ ಅದೇ ಹೆಸರು. ಒಬ್ಬಳು ಮೀನು, ಒಬ್ಬ ಆಮೆ, ಒಬ್ಬಳು ಕೊಡೆ. ಹೆತ್ತವರ ಹೆಸರೂ ಅದರ ಬಾಲವೇ. ಹಾಗಾಗಿ ಆ ಗುರುವಾರ ತರಗತಿಯಲ್ಲಿ ಕೂರಲು ಬಂದ ತಾಯಿ ಕೊಡೆಯಮ್ಮ.

ಕೊಡೆಯಮ್ಮ ಹೆದರಿಕೆಯ ಹೆಂಗಸು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಮಗಳ ಡಬ್ಬಿಗೆ ಹಾಕುವವಳು. ಮಗು ಮಧ್ಯಾಹ್ನ ಮಲಗಿದರೆ ಅದರ ಮೂಗಿನ ಮುಂದೆ ಬೆರಳಿಟ್ಟು ನೋಡುವವಳು. "ನೀನು ಹೆದರೋದಕ್ಕೂ ಒಂದು ಡಿಗ್ರಿ ತಗೊಂಡಿದ್ದೀಯಲ್ಲಾ" ಎಂದು ಗಂಡ ರೇಗಿಸುತ್ತಿದ್ದ. ವಾರಕ್ಕೊಬ್ಬ ತಾಯಿ ತರಗತಿಯಲ್ಲಿ ಕೈಜೋಡಿಸಬಹುದು ಎಂಬ ಪದ್ಧತಿಯಲ್ಲಿ ತನ್ನ ಸರದಿಗಾಗಿ ಅವಳು ಎರಡು ತಿಂಗಳು ಕಾದಿದ್ದಳು.

ಅದು ಗುಂಡಗಿನ ವಸ್ತುಗಳ ವಾರ. ಸೋಮವಾರ ಚಕ್ರ ಉರುಳಿಸಿದ್ದರು, ಮಂಗಳವಾರ ಬಳೆಯನ್ನು ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಒತ್ತಿದ್ದರು, ಬುಧವಾರ ಕೈಕೈ ಹಿಡಿದು ತಾವೇ ಒಂದು ಉಂಗುರವಾಗಿ ನಿಂತು, ಆಮೆ ಬಿದ್ದದ್ದರಿಂದ ಉಂಗುರ ಮುರಿದು ನಕ್ಕಿದ್ದರು. ಗುರುವಾರ ಅಚ್ಚು ಒತ್ತುವ ದಿನ. ಹಿಟ್ಟು, ಉಪ್ಪು, ನೀರು ಸೇರಿಸಿ ಟೀಚರ್ ಮನೆಯಲ್ಲೇ ಕಾಯಿಸಿ ನಾದಿ ತಂದ ಆಟದ ಹಿಟ್ಟನ್ನು ಪ್ರತಿ ಮಗುವಿನ ಮುಂದೆ ಹಲಗೆಯಂತೆ ತಟ್ಟಿಡುವುದು. ಮಕ್ಕಳು ಅದರಲ್ಲಿ ಗುಂಡಿ, ಮುಚ್ಚಳ, ಬಿಲ್ಲೆ ಏನಾದರೂ ಒತ್ತಿ ತೆಗೆದು, ಉಳಿದ ಗುರುತನ್ನು ನೋಡುವುದು. ಮಿಕ್ಕ ಹಿಟ್ಟನ್ನು ಉಂಡೆ ಮಾಡಿ ಮನೆಗೆ ಒಯ್ಯಬಹುದು.

ಗುಂಡಿ ಟೀಚರ್ ಕೋಣೆಯಲ್ಲಿ ಕಟ್ಟಳೆ ಒಂದೇ. ಮೇಜಿಗೆ ಏನೇ ಹೋಗಲಿ, ಎಣಿಸಿ ಹೋಗಬೇಕು, ಎಣಿಸಿ ವಾಪಸು ಬರಬೇಕು.

"ಗುಂಡಿ ಮೂವತ್ತು ಹೋಯ್ತು!" ಎಂದು ಅವರು ಕೂಗಿದರೆ ಹನ್ನೊಂದು ಗಂಟಲು "ಹೋಯ್ತು!" ಅನ್ನುತ್ತಿದ್ದವು. ಆಟ ಮುಗಿದ ಮೇಲೆ "ಗುಂಡಿ ಮೂವತ್ತು ಬಂತು!", "ಬಂತು!" ಲೆಕ್ಕ ಕೂಡದಿದ್ದರೆ ಯಾರೂ ಮನೆಗೆ ಹೋಗುವಂತಿಲ್ಲ. ಒಮ್ಮೆ ಒಂದು ಮಣಿ ಕಡಿಮೆಯಾಗಿ ತಂದೆತಾಯಂದಿರೆಲ್ಲ ಇಪ್ಪತ್ತು ನಿಮಿಷ ಗೇಟಿನ ಹೊರಗೆ ನಿಂತಿದ್ದರು. ಕಡೆಗೆ ಮಣಿ ಸಿಕ್ಕಿದ್ದು ಆಯಮ್ಮನ ತುರುಬಿನಲ್ಲಿ. "ನನ್ನ ತಲೇಲಿ ಏನೋ ಇದೆ ಅಂತ ಕೊನೆಗೂ ಸಾಬೀತಾಯ್ತು" ಎಂದಳಂತೆ ಆಯಮ್ಮ.

ಕೊಡೆಯಮ್ಮ ಆವತ್ತು ಹತ್ತು ನಿಮಿಷ ತಡ. ಅಚ್ಚು ಒತ್ತಲು ಮನೆಯಿಂದ ತರಬೇಕಿದ್ದ ಮುಚ್ಚಳಗಳನ್ನು ಮೂರು ಸಲ ಸೋಪಿನಲ್ಲಿ ತೊಳೆದು ಒಣಗಿಸುವುದರಲ್ಲಿ ಹೊತ್ತು ಹೋಗಿತ್ತು. ಹೊರಡುವಾಗ ಚೀಲ ನೋಡಿದರೆ ಯಾಕೋ ಬಡಕಲಾಗಿ ಕಂಡಿತು. ಹೋದ ವಾರದ ತಾಯಿ ಎರಡು ಚೀಲ ತಂದಿದ್ದಳಂತೆ. ಅಡುಗೆಮನೆಯ ಡ್ರಾಯರ್ ಎಳೆದು, ಮೂಲೆಯ ಪುಟ್ಟ ಪೆಟ್ಟಿಗೆಯಲ್ಲಿದ್ದ ಚಿಲ್ಲರೆ ಪಲ್ಲರೆ ವಸ್ತುಗಳನ್ನೆಲ್ಲ ಸುರಿದುಕೊಂಡು ಓಡಿ ಬಂದಿದ್ದಳು. ಬರುವಷ್ಟರಲ್ಲಿ ಹೋಗುವ ಎಣಿಕೆ ಮುಗಿದಿತ್ತು. ಟೀಚರ್ ಆಚೆ ಮೇಜಿನಲ್ಲಿ ಆಮೆಯ ತೋಳು ಮಡಿಸುತ್ತ ತಲೆ ಎತ್ತದೆ ಕೇಳಿದರು:

"ನಿಮ್ಮದು ಎಣಿಸಿದ್ರಾ?"

"ಹ್ಞೂಂ" ಅಂದಳು ಕೊಡೆಯಮ್ಮ.

ಎಣಿಸಿರಲಿಲ್ಲ. ಮೂರೂವರೆ ವರ್ಷದ ಮಕ್ಕಳ ಮುಂದೆ ಕಳ್ಳನ ಜೇಬು ತಪಾಸಣೆ ಮಾಡಿದಂತೆ ಇದೇನು ಹಳೇ ಕಾಲದ ಶಾಸ್ತ್ರ ಅಂದುಕೊಂಡಳು. ಚೀಲವನ್ನು ಮೇಜಿನ ನಡುವೆ ಬೋರಲು ಹಾಕಿದಳು. ಹನ್ನೊಂದು ಜೊತೆ ಕೈ ಅದರ ಮೇಲೆ ಬಿದ್ದವು.

ಅರ್ಧ ಗಂಟೆ ಎಲ್ಲ ಚೆನ್ನಾಗಿತ್ತು. ಆಮೇಲೆ ಮೀನು ಏನನ್ನೋ ನಾಲಿಗೆಯ ತುದಿಗೆ ತಾಗಿಸುವುದನ್ನು ಕೊಡೆಯಮ್ಮ ನೋಡಿದಳು. ಸಿಕ್ಕಿದ್ದನ್ನೆಲ್ಲ ಬಾಯಿಗೆ ಇಟ್ಟು ನೋಡುವ ಮಗು ಅದು. "ಥೂ ಥೂ, ಕೊಡಮ್ಮ ಇಲ್ಲಿ" ಎಂದು ಕಿತ್ತುಕೊಂಡಳು. ಅಂಗೈ ಬಿಚ್ಚಿ ನೋಡಿದಳು.

ಬಿಲ್ಲೆ ಬ್ಯಾಟರಿ. ಹೊಳೆಯುವ ಬೆಳ್ಳಿ ಮುಖ, ಮೇಲೊಂದು ಕೂಡುವ ಚಿಹ್ನೆ. ತೂಕದ ಯಂತ್ರದಿಂದ ಹೋದ ತಿಂಗಳು ತೆಗೆದಿದ್ದು. ಆಮೇಲೆ ಎಸೆದರಾಯಿತು ಎಂದು ಆ ಪೆಟ್ಟಿಗೆಗೆ ಹಾಕಿದ್ದವಳು ಅವಳೇ. ತೂಕದ ಯಂತ್ರಕ್ಕೆ ಬೇಕಾಗುವುದು ಎರಡು. ಹಾಕಿದ್ದೂ ಎರಡು.

ಇದನ್ನು ನುಂಗಿದ ಮಗುವಿಗೆ ಏನಾಗುತ್ತದೆ ಎಂದು ಅವಳು ಓದಿದ್ದಳು. ಓದದೆ ಇರುವಳೇ? ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒಳಗಿನಿಂದಲೇ ಸುಡುತ್ತದೆ, ಎರಡು ಗಂಟೆ ಸಾಕು, ಮಗು ಅಳದೆಯೂ ಇರಬಹುದು. ಮನೆಯ ರಿಮೋಟಿನ ಹಿಂಬದಿಗೆ ಅಂಟುಪಟ್ಟಿ ಸುತ್ತಿಟ್ಟವಳು, ದ್ರಾಕ್ಷಿ ಸೀಳುವವಳು, ಅದನ್ನು ತಾನೇ ಚೀಲದಲ್ಲಿ ತಂದು ಹನ್ನೊಂದು ಮಕ್ಕಳ ಮುಂದೆ ಸುರಿದಿದ್ದಳು.

ಗಡಿಯಾರ ಹತ್ತೂವರೆ ತೋರಿಸುತ್ತಿತ್ತು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಹೇಳಿದರೆ "ಹ್ಞೂಂ" ಅಂದದ್ದೂ ಹೊರಗೆ ಬರುತ್ತದೆ. ಸಂಜೆಯೊಳಗೆ ಹತ್ತು ತಾಯಂದಿರ ಫೋನಿಗೆ ಹೋಗುತ್ತದೆ. ಮೇಜಿನ ಕೆಳಗೆ ನುಸುಳಿ ಹುಡುಕಿದಳು. ಚಾಪೆ ಮಗುಚಿದಳು. ಮುಚ್ಚಳಗಳ ರಾಶಿಯಲ್ಲಿ ಬೆರಳಾಡಿಸಿದಳು. ಮೀನು ಕೆಮ್ಮಿತು. ಬರೀ ಕೆಮ್ಮು. ಕೊಡೆಯಮ್ಮ ತಲೆ ಎತ್ತುವಾಗ ಮೇಜಿನ ಅಂಚು ನೆತ್ತಿಗೆ ಬಡಿಯಿತು.

"ಟೀಚರ್, ನಾನು ಎಣಿಸಿರ್ಲಿಲ್ಲ" ಅಂದಳು. "ಬ್ಯಾಟರಿ ಬಿಲ್ಲೆ ಬಂದ್ಬಿಟ್ಟಿದೆ. ಎರಡಿತ್ತು. ಒಂದೇ ಇದೆ."

ಗುಂಡಿ ಟೀಚರ್ ಬೈಯಲಿಲ್ಲ. ಮುಖದ ಬಣ್ಣ ಮಾತ್ರ ಇಳಿಯಿತು. "ಆಯಮ್ಮ, ಬಾಗಿಲು. ಯಾರ ಬಾಯಿಗೂ ನೀರೂ ಬೇಡ, ತಿಂಡೀನೂ ಬೇಡ."

ಕೊಡೆಯಮ್ಮನಿಗೆ ತಡೆಯಲಾಗಲಿಲ್ಲ. ಮಕ್ಕಳ ಕಡೆ ತಿರುಗಿ ಬಿಲ್ಲೆ ಎತ್ತಿ ಹಿಡಿದು ಕೇಳಿಯೇಬಿಟ್ಟಳು: "ಇದನ್ನ ಯಾರು ನುಂಗಿದ್ರಿ? ಯಾರು?"

"ನಾನು!" ಅಂದಿತು ಆಮೆ.

"ನಾನೂ ನುಂಗಿದೆ!"

"ನಾನು ಎರಡು!"

ಹತ್ತು ಕೈ ಮೇಲೆದ್ದವು. ಬಹುಮಾನ ಕೊಡುತ್ತಾರೆ ಅನ್ನುವ ಹಾಗೆ ಮುಖಗಳು ಅರಳಿದ್ದವು. ಆಯಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನಮ್ಮ, ಚಂದ್ರನ್ನ ಯಾರು ನುಂಗಿದ್ರಿ ಅಂದ್ರೂ ಇವು ಕೈ ಎತ್ತುತ್ವೆ!"

ಕೈ ಎತ್ತದವಳು ಕೊಡೆಯೊಬ್ಬಳೇ. ಅಮ್ಮನ ಮುಖವನ್ನೇ ನೋಡುತ್ತ, ಹಿಟ್ಟಿನ ಉಂಡೆಯನ್ನು ಎದೆಗೆ ಒತ್ತಿಕೊಂಡು ತುಟಿ ಬಿಗಿದು ಕೂತಿದ್ದಳು.

ಟೀಚರ್ ಮಕ್ಕಳನ್ನು ಏನೂ ಕೇಳಲಿಲ್ಲ. ಹಲಗೆಗಳ ಹತ್ತಿರ ಹೋದರು. ಕನ್ನಡಕ ಹಣೆಗೇರಿಸಿ, ಒಂದೊಂದು ಹಿಟ್ಟಿನ ಹಲಗೆಯ ಮೇಲೂ ಮೂಗು ತಾಗುವಷ್ಟು ಬಗ್ಗಿದರು. ನಾಲ್ಕು ತೂತಿನ ಗುಂಡಿ, ಎರಡು ತೂತಿನ ಗುಂಡಿ, ಹಲ್ಲು ಹಲ್ಲಾದ ಮುಚ್ಚಳ, ಆಟದ ಗಾಡಿಯ ಚಕ್ರ. ಯಾವ ಗುರುತು ಯಾವುದರದು ಎಂದು ಅವರಿಗೆ ಕಣ್ಣುಮುಚ್ಚಿ ಹೇಳಲು ಬರುತ್ತಿತ್ತು. ಮೀನಿನ ಹಲಗೆಯಲ್ಲಿ ಒಂದು ನುಣುಪು ವೃತ್ತ, ನಡುವೆ ಕೂಡುವ ಚಿಹ್ನೆ. "ಇದು ಸಿಕ್ಕಿದ್ದು" ಅಂದರು. ಮುಂದೆ ಹೋದರು. ಎಂಟನೆಯ ಹಲಗೆಯಲ್ಲಿ ಮತ್ತೊಂದು ನುಣುಪು ವೃತ್ತ, ಅದೇ ಚಿಹ್ನೆ.

ಹಲಗೆಯ ಮೂಲೆಯಲ್ಲಿ ಅಂಟಿಸಿದ್ದ ಚೀಟಿಯ ಮೇಲೆ ಕೊಡೆಯ ಚಿತ್ರವಿತ್ತು.

ಕೊಡೆಯಮ್ಮ ಮಗಳ ಎರಡೂ ಭುಜ ಹಿಡಿದಳು. "ಎಲ್ಲಿ ಹಾಕ್ದೆ? ಬಾಯಿಗೆ ಹಾಕ್ಕೊಂಡ್ಯಾ? ಹೇಳು! ಹೇಳೇ!" ಅಮ್ಮನ ದನಿ ಏರಿದಷ್ಟೂ ಮಗುವಿನ ಬಾಯಿ ಬೀಗ ಹಾಕಿಕೊಂಡಿತು. ಚೀಲ ಜಾಲಾಡಿದರು, ಜೇಬು ತಿರುವಿದರು, ಬೂಟು ಕಾಲುಚೀಲ ಕಳಚಿ ಒದರಿದರು. ಏನೂ ಇಲ್ಲ. ಮಗುವಿನ ತುಟಿಯ ಕೊನೆಯಲ್ಲಿ ಒಂದು ಹನಿ ಜೊಲ್ಲು ಹೊಳೆಯಿತು. ನೋಡಿದ್ದು ಕೊಡೆಯಮ್ಮ ಒಬ್ಬಳೇ.

"ಹೊರಡಿ" ಅಂದರು ಟೀಚರ್. "ಆಯಮ್ಮ, ಎಣಿಕೆ ಮುಗಿದಿಲ್ಲ. ಯಾರನ್ನೂ ಬಿಡ್ಬೇಡ."

ಬಾಡಿಗೆ ಗಾಡಿಯಲ್ಲಿ ಮಗು ಅಮ್ಮನ ತೊಡೆಯ ಮೇಲಿತ್ತು. ಆಸ್ಪತ್ರೆಗೆ ಟೀಚರ್ ಫೋನ್ ಮಾಡಿದರು. ವಾಂತಿ ಮಾಡಿಸಬೇಡಿ, ನೇರ ಬನ್ನಿ ಎಂದಿತು ಆಚೆಯ ದನಿ. ಸಿಗ್ನಲ್ಲಿನಲ್ಲಿ ಗಾಡಿ ನಿಂತಿತು. ಕೆಂಪು ದೀಪದ ಅಂಕಿ ತೊಂಬತ್ತರಿಂದ ಕೆಳಗಿಳಿಯುತ್ತಿತ್ತು. ಕೊಡೆಯಮ್ಮ ಮಗಳ ಗಂಟಲ ಮೇಲೆ ಎರಡು ಬೆರಳಿಟ್ಟು, ಅದು ನುಂಗುತ್ತದೋ ಎಂದು ಕಾದಳು. ನುಂಗಿತು. ಮತ್ತೆ ಕಾದಳು.

"ನಾನು ಸುಳ್ಳು ಹೇಳಿದೆ ಟೀಚರ್. ನೀವು ಕೇಳಿದ್ರಿ, ನಾನು ಹ್ಞೂಂ ಅಂದೆ."

ಟೀಚರ್ ಕಿಟಕಿಯಾಚೆ ನೋಡುತ್ತಿದ್ದರು. "ನಾನೂ ಒಂದು ಸಲ ಅಂದಿದ್ದೆ. ಮೊದಲನೇ ವರ್ಷ. ಬೀಜ ಅಂಟಿಸಿ ಚಿತ್ರ ಮಾಡೋ ವಾರ. ದೊಡ್ಡ ಟೀಚರ್ ಕೇಳಿದ್ರು, ಎಲ್ಲಾ ಬಂತಾ ಅಂತ. ಹ್ಞೂಂ ಅಂದೆ. ಒಂದು ಕಾಳು ಒಂದು ಮಗು ಕಿವೀಲಿತ್ತು. ನಾಲ್ಕು ದಿನ. ಊದ್ಕೊಂಡು, ಕೀವಾಗಿ…" ಏಪ್ರನ್ನಿನ ಜೇಬಿನ ಅಂಚನ್ನು ಮಡಿಸಿ ಬಿಡಿಸಿದರು. "ಈಗ ಗಡ್ಡ ಬಂದಿದೆ ಅವನಿಗೆ. ಬಸ್ ನಿಲ್ದಾಣದಲ್ಲಿ ಸಿಗ್ತಾನೆ. ಬಲಗಡೆಯಿಂದ ಕೂಗಿದ್ರೆ ತಿರುಗೋದಿಲ್ಲ. ನಾನು ಯಾವಾಗ್ಲೂ ಎಡಗಡೆ ಹೋಗಿ ಮಾತಾಡಿಸ್ತೀನಿ."

ದೀಪ ಹಸಿರಾಯಿತು.

ಎಕ್ಸ್‌ರೇ ಕೋಣೆ ತಣ್ಣಗಿತ್ತು. ಬಿಳಿ ಕೋಟಿನ ಎಕ್ಸ್‌ರೇಯವನು ಮಗುವನ್ನು ಹಲಗೆಯ ಮೇಲೆ ಮಲಗಿಸಿದ. ಹಿಟ್ಟಿನ ಉಂಡೆ ಬಿಡಿಸಲು ಹೋದಾಗ ಮೊದಲ ಸಲ ಅದು ಬಾಯಿ ತೆರೆದು ಕಟ್ಟಡ ಅದುರುವಂತೆ ಕಿರುಚಿತು. "ಹಿಟ್ಟು ತಾನೆ, ಇರ್ಲಿ ಬಿಡಿ. ಅಲುಗಾಡದೆ ಇದ್ರೆ ಸಾಕು" ಅಂದ. ಮುಷ್ಟಿಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಮಗು ಬಿಕ್ಕುತ್ತ ಮಲಗಿತು. ಕಿರಣ ತಡೆಯುವ ಭಾರದ ಅಂಗಿ ತೊಟ್ಟು ಕೊಡೆಯಮ್ಮ ಅದರ ಕಾಲು ಹಿಡಿದು ನಿಂತಳು. ಯಂತ್ರ ಟಕ್ ಎಂದಿತು.

ಪರದೆಯ ಮೇಲೆ ಪುಟ್ಟ ಪಕ್ಕೆಲುಬುಗಳು ಮೂಡಿದವು. ಅವುಗಳ ಕೆಳಗೆ, ಹೊಟ್ಟೆ ಇರಬೇಕಾದ ಜಾಗದಲ್ಲಿ, ಕತ್ತರಿಸಿ ಅಂಟಿಸಿದಂತೆ ಒಂದು ಬಿಳಿ ವೃತ್ತ. ಅಂಚಿನಲ್ಲಿ ಎರಡು ಗೆರೆ, ನಾಣ್ಯವಲ್ಲ ಬ್ಯಾಟರಿ ಎಂಬುದರ ಗುರುತು.

ಕೊಡೆಯಮ್ಮನಿಗೆ ನೆಲ ಕಾಣಲಿಲ್ಲ. ಬಿದ್ದೇಬಿಡುತ್ತಿದ್ದಳು, ಟೀಚರ್ ತೋಳು ಹಿಡಿದುಕೊಂಡರು.

"ಸ್ವಲ್ಪ ತಾಳಿ" ಅಂದ ಎಕ್ಸ್‌ರೇಯವನು. ಪರದೆಯ ಹತ್ತಿರ ಬಗ್ಗಿದ. "ಇದರ ಸುತ್ತ ಬೆರಳಿನ ಮೂಳೆ ಇದೆಯಲ್ಲ." ಹಲಗೆಯ ಹತ್ತಿರ ಹೋಗಿ ಮಗುವನ್ನು ಪಕ್ಕಕ್ಕೆ ಮಲಗಿಸಿ, ಕೈಯನ್ನು ತಲೆಯ ಮೇಲಕ್ಕೆ ಎತ್ತಿಸಿ ಇನ್ನೊಂದು ಚಿತ್ರ ತೆಗೆದ. ಪಕ್ಕೆಲುಬು, ಗಂಟಲು, ಹೊಟ್ಟೆ. ಖಾಲಿ. ಎಲ್ಲವೂ ಖಾಲಿ. ಚಿತ್ರದ ಮೇಲಂಚಿನಲ್ಲಿ ಮಾತ್ರ ಐದು ಬೆರಳು, ಬೆರಳುಗಳ ನಡುವೆ ಬಿಳಿ ವೃತ್ತ.

"ಹೊಟ್ಟೇಲಿಲ್ಲ ಕಣ್ರೀ. ಮುಷ್ಟೀಲಿದೆ."

ಗುಂಡಿ ಟೀಚರ್ ಮಗುವಿನ ಮುಂದೆ ಮೊಣಕಾಲೂರಿ ಕೂತರು. ದನಿ ತರಗತಿಯದೇ. "ಕೊಡೆ, ಉಂಡೆಯೊಳಗೆ ಯಾರಿದ್ದಾರೆ?"

ಮಗು ಅಮ್ಮನ ಕಡೆ ನೋಡಿತು. ಅಮ್ಮ ಗೋಡೆಗೊರಗಿ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಆಗ ಅದು ಪಿಸುಗುಟ್ಟಿತು: "ಮೊಟ್ಟೆ. ಒಳಗೆ ಮರಿ ಮಲಗಿದೆ. ಅಮ್ಮ ಕೂಗಿದ್ರೆ ಏಳುತ್ತೆ."

ಟೀಚರ್ ಉಂಡೆಯನ್ನು ಎರಡು ಹೋಳು ಮಾಡಿದರು. ಬಿಲ್ಲೆ ನಡುವೆ ಕೂತಿತ್ತು. ಅದರ ಸುತ್ತ ಹಳದಿ ಹಿಟ್ಟು ಕರ್ರಗೆ ಕರಕಲಾಗಿ, ಸಣ್ಣ ಸಣ್ಣ ಗುಳ್ಳೆಯೆದ್ದು ಒದ್ದೆಯಾಗಿತ್ತು. ಒಂದು ಗಂಟೆಯೂ ಆಗಿರಲಿಲ್ಲ. ಮೂವರೂ ದೊಡ್ಡವರು ಆ ಕಪ್ಪನ್ನೇ ನೋಡುತ್ತ ನಿಂತರು.

ಹೊರಗಿನ ಬೆಂಚಿನಲ್ಲಿ ಕೂತ ಮೇಲೆ ಟೀಚರಿಗೆ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಆಗಲಿಲ್ಲ. ಕೊಡೆಯಮ್ಮ ತಿರುಗಿಸಿ ಕೊಟ್ಟಳು. "ಮುಷ್ಟಿ ನೋಡ್ಲಿಲ್ಲ ನಾನು" ಎಂದು ಟೀಚರ್ ತಮ್ಮಷ್ಟಕ್ಕೆ ಅಂದುಕೊಂಡರು. "ಎಲ್ಲರ ಕೈಲೂ ಉಂಡೆ ಇತ್ತಲ್ಲ, ಕಣ್ಣಿಗೇ ಬೀಳ್ಲಿಲ್ಲ." ಆಮೇಲೆ ಫೋನ್ ತೆಗೆದು ಕೊಡೆಯಮ್ಮನ ಕೈಗಿತ್ತರು. "ನೀವು ತಂದಿದ್ದು. ನೀವೇ ಹೇಳಿ."

ಆಚೆ ಆಯಮ್ಮ ಎತ್ತಿಕೊಂಡಳು. ಹಿಂದೆ ಮಕ್ಕಳ ಗದ್ದಲ, ಗೇಟಿನಲ್ಲಿ ಯಾರೋ ತಂದೆ ಜೋರಾಗಿ ಮಾತಾಡುವುದು ಕೇಳುತ್ತಿತ್ತು.

"ಬಿಲ್ಲೆ ಎರಡು ಬಂತು" ಅಂದಳು ಕೊಡೆಯಮ್ಮ.

"ಜೋರಾಗಿ ಹೇಳಮ್ಮ, ಇವಕ್ಕೆ ಕೇಳ್ಬೇಕು!"

"ಎರಡು ಬಂತು!"

"ಬಂತು!" ಎಂದು ಹತ್ತು ಗಂಟಲು ಫೋನಿನೊಳಗಿನಿಂದ ಕಿರುಚಿದವು.

ಪಕ್ಕದಲ್ಲಿ ಕೊಡೆ ಒಡೆದ ಹೋಳುಗಳಿಗಾಗಿ ಮೂಗು ಸುರಿಸುತ್ತ ಅಳುತ್ತಿದ್ದಳು. ಟೀಚರ್ ಏಪ್ರನ್ನಿನ ಜೇಬಿಗೆ ಕೈ ಹಾಕಿ, ಮಗುವಿನ ಬಾಯಿಗೆ ಯಾವ ರೀತಿಯಲ್ಲೂ ಹಿಡಿಸದಷ್ಟು ದೊಡ್ಡ ಕೆಂಪು ಕೋಟಿನ ಗುಂಡಿಯೊಂದನ್ನು ತೆಗೆದು ಅದರ ಅಂಗೈಗಿಟ್ಟರು. ಮಗು ಅದನ್ನು ಮುಚ್ಚಿಕೊಂಡು ಸುಮ್ಮನಾಯಿತು.

ಕೊಡೆಯಮ್ಮ ಆ ಪುಟ್ಟ ಮುಷ್ಟಿಯನ್ನು ಬಿಡಿಸಿ ನೋಡಿದಳು. ಮುಚ್ಚಿಸಿದಳು. ಮತ್ತೆ ಬಿಡಿಸಿ ನೋಡಿದಳು.

"ಗುಂಡಿ ಒಂದು ಹೋಯ್ತು, ಟೀಚರ್" ಅಂದಳು.