ಮೊದಲ ಸಾಲಿಗೆ ನಾನು ಬರೆದ ಕಾಲೇಜು

2011ರಲ್ಲಿ ನಾನು ನಾರಾಯಣಖೇಡದ ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕನಾಗಿದ್ದೆ. ತೆಲಂಗಾಣ ಹೋರಾಟ ಕಾವೇರಿದ್ದ ವರ್ಷ. ಒಂದು ದಿನ ಬಂದ್, ಇನ್ನೊಂದು ದಿನ ರಸ್ತೆ ತಡೆ. ಬಸ್ಸು ಓಡಿದರೆ ಪಾಠ, ಇಲ್ಲದಿದ್ದರೆ ಇಲ್ಲ. ತರಗತಿಯಲ್ಲಿ ತೆಲುಗಿನಲ್ಲಿ ಪಾಠ ಹೇಳಿ, ವರಾಂಡಕ್ಕೆ ಬಂದ ಕೂಡಲೇ ಅರ್ಧ ಮಕ್ಕಳ ಜೊತೆ ಕನ್ನಡ ಮಾತಾಡುವುದು ನಮ್ಮ ಕಡೆಯ ರೂಢಿ. ನೌಕರಿಯಲ್ಲಿ ಮಾಡಿದ ಒಳ್ಳೆಯ ಕೆಲಸಗಳನ್ನು ನಿವೃತ್ತಿಯ ಸಮಾರಂಭದಲ್ಲೇ ಎಲ್ಲರೂ ಹೇಳಿ ಮುಗಿಸಿದರು. ಅಲ್ಲಿ ಯಾರೂ ಹೇಳದ ಒಂದು ಸಂಗತಿ ಉಳಿದಿದೆ. ಅದು ನನಗೂ ಒಬ್ಬ ಹುಡುಗಿಗೂ ಮಾತ್ರ ಗೊತ್ತು.

ಎಂಸೆಟ್ ಎಂದರೆ ಆಗಿನ ಅವಿಭಜಿತ ಆಂಧ್ರಪ್ರದೇಶದಲ್ಲಿ ಇಂಜಿನಿಯರಿಂಗ್ ಸೀಟಿಗಾಗಿ ಬರೆಯುತ್ತಿದ್ದ ಪ್ರವೇಶ ಪರೀಕ್ಷೆ. ರ‍್ಯಾಂಕಿನ ಸಂಖ್ಯೆ ಚಿಕ್ಕದಿದ್ದಷ್ಟೂ ಸೀಟು ಒಳ್ಳೆಯದು. ಆ ವರ್ಷ ನನ್ನ ಮಗ ಕಿರಣನೂ ಪರೀಕ್ಷೆ ಬರೆದಿದ್ದ. ನಾನೇ ಭೌತಶಾಸ್ತ್ರ ಕಲಿಸುವವನಾದರೂ ಅವನನ್ನು ನನ್ನ ಕಾಲೇಜಿಗೆ ಸೇರಿಸಿರಲಿಲ್ಲ. ಸರ್ಕಾರಿ ಕಾಲೇಜು ಕುರಿ ಕಾಯುವವರ ಮಕ್ಕಳಿಗೆ ಸಾಕು, ನನ್ನ ಮಗನಿಗೆ ಸಾಲದು ಎಂಬ ಹಮ್ಮು. ಎರಡು ವರ್ಷ ಹೈದರಾಬಾದಿನ ಹಾಸ್ಟೆಲಿನಲ್ಲಿಟ್ಟು ಓದಿಸಿದೆ. ಅವನ ರ‍್ಯಾಂಕು ಎಪ್ಪತ್ತು ಸಾವಿರ ದಾಟಿತು.

ಫಲಿತಾಂಶ ಬಂದ ಮರುದಿನ ಸುಜಾತಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಸಿರ್ಗಾಪುರದ ಹತ್ತಿರದ ಹಳ್ಳಿಯವಳು, ನನ್ನದೇ ವಿದ್ಯಾರ್ಥಿನಿ. ಅಪ್ಪ ಮಾಳಪ್ಪನಿಗೆ ಒಂದಿಷ್ಟು ಹೊಲ, ಒಂದು ಹಿಂಡು ಕುರಿ. ನಮ್ಮ ಲ್ಯಾಬಿನಲ್ಲಿ ಕೆಟ್ಟು ಮೂಲೆ ಸೇರಿದ್ದ ಮೀಟರೊಂದನ್ನು ಬಿಚ್ಚಿ, ಕಡಿದ ತಂತಿಗೆ ತಾನೇ ಬೆಸುಗೆ ಹಾಕಿ ನಡೆಯುವಂತೆ ಮಾಡಿದವಳು ಅವಳು. ಅಂದಿನಿಂದ ಎಲೆಕ್ಟ್ರಾನಿಕ್ಸ್ ಬಿಟ್ಟು ಬೇರೆ ಮಾತಿರಲಿಲ್ಲ.

"ಸರ್, ಹನ್ನೊಂದು ಸಾವಿರದಾಗ ಬಂದದರಿ" ಎಂದು ರ‍್ಯಾಂಕಿನ ಕಾಗದ ಮುಂದೆ ಹಿಡಿದಳು.

ಬಾಯಿ "ಶಾಭಾಸ್" ಎಂದಿತು. ಹೊಟ್ಟೆ ಭಗ್ ಎಂದು ಉರಿಯಿತು. ಅವಳಿಗೆ ಕಲಿಸಿದವನು ನಾನು, ಆ ರ‍್ಯಾಂಕಿನಲ್ಲಿ ನನ್ನ ಪಾಲೂ ಇತ್ತು ಎಂಬುದು ಆಗ ಹೊಳೆಯಲೇ ಇಲ್ಲ. ಹೊಳೆದಿದ್ದು ಇಷ್ಟೇ: ನನ್ನ ಪಾಠ ಮಂದಿಯ ಮಗಳಿಗೆ ಹತ್ತಿತು, ನನ್ನ ಮನೆಯಲ್ಲಿ ದೀಪದ ಕೆಳಗೆ ಕತ್ತಲೆ. ಸಂಜೆ ಹೆಂಡತಿ "ನಿಮ್ಮ ಕಾಲೇಜಿನಾಗ ಯಾರಿಗಾದರೂ ಛಲೋ ರ‍್ಯಾಂಕ್ ಬಂತೇನ್ರಿ?" ಎಂದು ಕೇಳಿದಾಗ ಇಲ್ಲ ಎಂದೆ.

ಕೆಲವು ವಾರಗಳ ನಂತರ ಕೌನ್ಸೆಲಿಂಗ್ ಶುರುವಾಯಿತು. ಜಹೀರಾಬಾದಿನ ಸಹಾಯ ಕೇಂದ್ರದಲ್ಲಿ ನನಗೆ ಡ್ಯೂಟಿ. ಮಕ್ಕಳ ಸರ್ಟಿಫಿಕೇಟ್ ಪರಿಶೀಲಿಸುವುದು, ಕಾಲೇಜುಗಳ ಹೆಸರು ಬರೆದುಕೊಳ್ಳಲು ಒಂದು ಹಾಳೆ ಕೊಡುವುದು. ಆ ಹಾಳೆಗೆ ಆಪ್ಷನ್ ಹಾಳೆ ಎನ್ನುತ್ತಿದ್ದೆವು. ಬರೆದುಕೊಂಡದ್ದನ್ನು ಮಕ್ಕಳು ಇಂಟರ್‌ನೆಟ್ ಸೆಂಟರಿಗೆ ಹೋಗಿ ತಮ್ಮ ಪಾಸ್‌ವರ್ಡ್ ಹಾಕಿ ಕಂಪ್ಯೂಟರಿಗೆ ಏರಿಸಬೇಕು. ಇದರಲ್ಲಿ ಮುಖ್ಯವಾದದ್ದು ಕಾಲೇಜುಗಳ ಅನುಕ್ರಮ. ಕಂಪ್ಯೂಟರ್ ಮೇಲಿನ ಸಾಲಿನಿಂದ ನೋಡುತ್ತ ಬರುತ್ತದೆ. ರ‍್ಯಾಂಕಿಗೆ ದಕ್ಕುವ ಮೊದಲ ಕಾಲೇಜು ಸಿಕ್ಕ ತಕ್ಷಣ ಅದನ್ನೇ ಕೊಟ್ಟು ಕೈ ತೊಳೆದುಕೊಳ್ಳುತ್ತದೆ, ಕೆಳಗಿನ ಸಾಲು ನೋಡುವುದಿಲ್ಲ. ಆದ್ದರಿಂದ ಎಲ್ಲಕ್ಕಿಂತ ಒಳ್ಳೆಯ ಕಾಲೇಜು ಮೇಲಿರಬೇಕು, ಸುಲಭವಾಗಿ ಸಿಗುವುದು ಕೆಳಗಿರಬೇಕು. ನಮ್ಮ ಕಡೆಯವರು ಇದನ್ನು ತಿರುವುಮುರುವು ಮಾಡುತ್ತಿದ್ದರು. ಖಚಿತವಾದ ಸೀಟು ಮೊದಲು ಬರೆಯದಿದ್ದರೆ ಅದೂ ಕೈತಪ್ಪುತ್ತದೆ ಎಂಬ ಹೆದರಿಕೆ. ಆ ತಪ್ಪನ್ನು ತಿದ್ದಲಿಕ್ಕೇ ನನ್ನನ್ನು ಅಲ್ಲಿ ಕೂರಿಸಿದ್ದರು.

ಸುಜಾತಾ ಅಪ್ಪನೊಂದಿಗೆ ಬಂದಳು. ಮಾಳಪ್ಪ ರುಮಾಲು ಸರಿಮಾಡಿಕೊಂಡು ನನ್ನ ಎದುರು ಕೂತ.

"ಸರ್, ಕುರಿ ಹಲ್ಲು ನೋಡಿ ವಯಸ್ಸು ಹೇಳ್ತೀನ್ರಿ. ಕಾಲೇಜ್ ಹ್ಯಾಂಗ್ ನೋಡಬೇಕು ನಂಗ ತಿಳಿಯಂಗಿಲ್ಲ. ಹೈದರಾಬಾದಿಗಿ ಕಳಸಾಕ ಅಂಜಿಕಿ ಆಗ್ತದ. ದಿನಾ ಬಂದ್, ದಿನಾ ಲಾಠಿ. ತಾಂಡೂರಿನಾಗ ನಮ್ ತಂಗಿ ಮನಿ ಅದರಿ. ಇನ್ನ ನೀವು ಹ್ಯಾಂಗ ಬರೀತೀರಿ ಹಂಗ ಆಗ್ಲಿ."

ತಾಂಡೂರಿನ ಕಡೆ ಹೊಸದಾಗಿ ಎದ್ದಿದ್ದ ಒಂದು ಕಾಲೇಜು ನನಗೆ ಗೊತ್ತಿತ್ತು. ಹಿಂದಿನ ವರ್ಷ ಪರೀಕ್ಷೆಯ ಕೆಲಸಕ್ಕೆ ಹೋಗಿದ್ದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಹಾಗೆ. ಎರಡಾಳೆತ್ತರದ ಗೇಟು, ಒಳಗೆ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಉಪಕರಣಗಳ ಮೇಲಿನ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಲ್ಲ. ಅವಳ ರ‍್ಯಾಂಕಿಗೆ ಹೈದರಾಬಾದಿನ ಸುತ್ತ ಅದಕ್ಕಿಂತ ಹತ್ತುಪಟ್ಟು ಒಳ್ಳೆಯ ಐದಾರು ಕಾಲೇಜು ಸಿಗುತ್ತಿದ್ದವು. ನಾನು ಹಾಳೆಯನ್ನು ನನ್ನ ಕಡೆ ಎಳೆದುಕೊಂಡು ಮೊದಲ ಸಾಲಿನಲ್ಲಿ ಆ ತಾಂಡೂರಿನ ಕಡೆಯ ಕಾಲೇಜನ್ನು ಬರೆದೆ. ಒಳ್ಳೆಯವನ್ನು ಅದರ ಕೆಳಗೆ ಸಾಲಾಗಿ ಬರೆದೆ. ಅಕ್ಷರ ಮುತ್ತಿನಂತೆ ಬಂತು.

"ಸರ್, ಮ್ಯಾಲಿಂದು ಸಿಕ್ರ ಕೆಳಗಿನವು ನೋಡ್ತಾರೇನ್ರಿ?" ಎಂದು ಸುಜಾತಾ ಕೇಳಿದಳು.

"ಮೊದಲು ಗ್ಯಾರಂಟಿ ಸೀಟು ಹಿಡೀಬೇಕವ್ವ. ಇಲ್ಲಾಂದ್ರ ರ‍್ಯಾಂಕ್ ವೇಸ್ಟ್ ಆಗ್ತದ" ಎಂದೆ.

ಬೇಲಿಯೇ ಎದ್ದು ಹೊಲ ಮೇಯ್ದಿತು. ಯಾರಾದರೂ ಕೇಳಿದರೆ ಅಪ್ಪನ ಆಸೆಯಂತೆ ಬರೆದೆ ಎನ್ನಬಹುದಿತ್ತು. ಅವರಿಬ್ಬರೂ ಕೈಮುಗಿದು, ಎದುರಿನ ಇಂಟರ್‌ನೆಟ್ ಸೆಂಟರಿನಲ್ಲಿ ಅದನ್ನು ಹಾಗೆಯೇ ಏರಿಸಿ, ತಾಂಡೂರಿನ ತಂಗಿಯ ಮನೆಗೆ ಬಸ್ಸು ಹತ್ತಿದರು. ಪಟ್ಟಿ ಬದಲಿಸಲು ಇನ್ನೆರಡು ದಿನ ಅವಕಾಶವಿತ್ತು.

ಮರುದಿನ ರಜೆ ಹಾಕಿ ಮನೆಯಲ್ಲಿ ಕಿರಣನ ಹಾಳೆ ಬರೆಯಲು ಕೂತೆ. ಅವನದನ್ನು ಮಾತ್ರ ಸರಿಯಾದ ಅನುಕ್ರಮದಲ್ಲೇ ಬರೆಯುತ್ತಿದ್ದೆ. ಮಧ್ಯಾಹ್ನ ಫೋನು ಬಂತು.

"ಸರ್, ನಾ ಸುಜಾತಾರಿ. ಅಪ್ಪನ ಕೂಡ ಆ ಕಾಲೇಜ್ ನೋಡಾಕ ಹೋಗಿದ್ದೆ. ಲ್ಯಾಬಿನ ಮೇಜು ನೋಡಿನ್ರಿ, ಒಂದಾದ್ರೂ ಸುಟ್ಟ ಕಲೆ ಇಲ್ರಿ."

ನಾನು ಪೆನ್ನು ಕೆಳಗಿಟ್ಟೆ.

"ನೀವೇ ಕ್ಲಾಸಿನಾಗ ಹೇಳಿದ್ರಲ್ರಿ. ಎಲೆಕ್ಟ್ರಾನಿಕ್ಸ್ ಓದೋರು ಕಟ್ಟಡ ನೋಡಬ್ಯಾಡ್ರಿ, ಮೇಜು ನೋಡ್ರಿ, ಮಕ್ಕಳು ಖರೇ ಕೆಲಸ ಮಾಡಿದ್ರ ಸೋಲ್ಡರಿಂಗ್ ಐರನ್ ತಾಗಿ ಸುಟ್ಟಿರ್ತದ ಅಂತ."

ಹೇಳಿದ್ದು ನಿಜ. ಪ್ರತಿ ವರ್ಷ ಹೇಳುತ್ತಿದ್ದೆ. ಕಿರಣನಿಗೂ ಹೇಳಿದ್ದೆ, ಅವನು ಮೊಬೈಲಿನಿಂದ ತಲೆ ಎತ್ತಿರಲಿಲ್ಲ.

"ಆದ್ರೂ ನೀವು ಮೊದಲ ಬರದೀರಂದ್ರ ಏನಾರ ಕಾರಣ ಇರ್ತದ. ನೀವು ಅಂದ್ರ ಬದಲಿ ಮಾಡ್ತೀನಿ, ಇಲ್ಲಾಂದ್ರ ಇಲ್ರಿ."

ಅವಳು ಅನುಮಾನಪಟ್ಟಿದ್ದರೆ ರೇಗಿಬಿಡುತ್ತಿದ್ದೆ, ಪಟ್ಟಿಯೂ ಹಾಗೆಯೇ ಉಳಿಯುತ್ತಿತ್ತು. ಅವಳ ದನಿಯಲ್ಲಿ ಅನುಮಾನವೇ ಇರಲಿಲ್ಲ. ಕಣ್ಣಿನಿಂದ ನೋಡಿ ಬಂದದ್ದಕ್ಕಿಂತ ನನ್ನ ಅಕ್ಷರವನ್ನು ಹೆಚ್ಚು ನಂಬಿದ್ದಳು. ನಾಲ್ಕು ವರ್ಷದ ಓದು ನನ್ನ ನಾಲಗೆಯ ತುದಿಯಲ್ಲಿತ್ತು. ಎದುರಿಗೆ ಮಗನ ಹಾಳೆ ಇತ್ತು. ನಾಚಿಕೆಯಾಯಿತು.

"ಬದಲಿ ಮಾಡಬೇಕು" ಎಂದೆ. "ನಾಳೆ ನಾರಾಯಣಖೇಡಕ್ಕೆ ಬಾ, ಎದುರಿಗೇ ಕೂತು ಸರಿ ಮಾಡೋಣ."

ನಾಳೆ ಎಂದರೆ ಕೊನೆಯ ದಿನ. ಅದೇ ದಿನ ಬಂದ್. ಅವರು ರಾತ್ರಿಯೇ ಊರು ಮುಟ್ಟಿ, ಬೆಳಿಗ್ಗೆ ಯಾರದೋ ಬೈಕಿನಲ್ಲಿ ಮೂವರು ಕೂತು ಬಂದರು. ಪೇಟೆಯ ಶಟರುಗಳೆಲ್ಲ ಇಳಿದಿದ್ದವು. ಇಂಟರ್‌ನೆಟ್ ಸೆಂಟರಿನವನು ಮನೆಯ ಬಾಗಿಲಲ್ಲೇ ಕೈ ಅಲ್ಲಾಡಿಸಿದ: "ಬಂದ್ ಅದರಿ ಸರ್, ಹುಡುಗೋರು ಕಲ್ಲು ಒಗೀತಾರ."

ಚೌಕದಲ್ಲಿ ಟೈರು ಸುಡುತ್ತಿದ್ದವರ ಹತ್ತಿರ ನಾನೇ ಹೋದೆ. ಮುಂದೆ ನಿಂತಿದ್ದವನು ನನ್ನ ಹಳೆಯ ವಿದ್ಯಾರ್ಥಿ.

"ಸರ್, ನೀವೇ ಬಂದ್ ಮುರದ್ರ ಹ್ಯಾಂಗ್ರಿ?"

"ಸಿರ್ಗಾಪುರ ಕಡೀ ಹುಡುಗಿ ಸೀಟಿನ ಮಾತಪ್ಪ. ಇವತ್ತ ಬಿಟ್ರ ಹೋಯ್ತು."

ಅವನು ಸುಜಾತಾಳ ಕಡೆ ನೋಡಿದ. "ಒಂದ ತಾಸು. ಶಟರ್ ಅರ್ಧಾ ಇಳಿಸಿ ಕೂಡ್ರಿ" ಎಂದು, ತಾನೇ ಬಂದು ಅಂಗಡಿಯ ಮುಂದೆ ಕಾವಲು ನಿಂತ.

ಒಳಗೆ ಸುಜಾತಾ ಒಂದೊಂದೇ ಸಾಲನ್ನು ಮೇಲೆ ಕೆಳಗೆ ಮಾಡಿದಳು. ಹೈದರಾಬಾದಿನವು ಮೇಲೇರಿದವು, ತಾಂಡೂರಿನ ಕಡೆಯದು ಕಟ್ಟಕಡೆಗೆ ಇಳಿಯಿತು. ನಿಮಗೆ ಒಪ್ಪಿಗೆಯೇ ಎಂದು ಮಾಳಪ್ಪನನ್ನು ಕೇಳಿದೆ.

"ನಾ ಕುರಿ ನೋಡ್ದಂಗ ಅಕಿ ಮೇಜು ನೋಡ್ಯಾಳ್ರಿ. ಅಂಜಿಕಿ ನಂದು, ಓದು ಅಕೀದು. ಹೋಗ್ಲಿ" ಎಂದ.

ಅವಳಿಗೆ ಎರಡನೆಯ ಸಾಲಿನ ಕಾಲೇಜಿನಲ್ಲಿ, ಹೈದರಾಬಾದಿನಲ್ಲೇ, ಎಲೆಕ್ಟ್ರಾನಿಕ್ಸ್ ಸೀಟು ಸಿಕ್ಕಿತು. ಕಿರಣನಿಗೆ ಪಟ್ಟಿಯ ಕೊನೆಯ ಕಾಲೇಜುಗಳಲ್ಲೊಂದು. ನನ್ನ ಹೊಟ್ಟೆಯುರಿ ಆಗಲೂ ಆರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ.

ಟಿಸಿ ಪಡೆಯಲು ಬಂದ ದಿನ ಅವಳು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು, ಬಂದ್ ದಿನ ಸರ್ ಅಂಗಡಿ ತೆಗೆಸಿ ಪಟ್ಟಿ ಸರಿಮಾಡಿಸಿದರು ಎಂದು ಹೇಳಿದಳು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಬೆನ್ನಿಗೆ ಮುಳ್ಳು ಚುಚ್ಚಿದಂತಾಯಿತು. ಅವಳನ್ನು ಲ್ಯಾಬಿಗೆ ಕರೆದೆ.

"ಆ ಹಾಳೆ ನಾನು ತಪ್ಪಿ ಬರದದ್ದಲ್ಲವ್ವ. ಬೇಕಂತ ಬರದದ್ದು. ನನ್ನ ಮಗನ ರ‍್ಯಾಂಕ್ ಹೋಗಿತ್ತು, ನಿಂದು ಬಂದಿತ್ತು."

ಅವಳು ಅಳಲಿಲ್ಲ, ಸಿಟ್ಟಾಗಲಿಲ್ಲ. ಟಿಸಿಯ ಕಾಗದವನ್ನು ಮಡಚಿಕೊಂಡಳು. ಸೀಟಿನ ಬಗ್ಗೆ ಕೇಳುತ್ತಾಳೆ, ಸಿಗದೆ ಹೋಗಿದ್ದರೆ ಏನು ಗತಿ ಎನ್ನುತ್ತಾಳೆ ಎಂದುಕೊಂಡಿದ್ದೆ. ಆ ಮಾತು ಎತ್ತಲೇ ಇಲ್ಲ.

"ಹಂಗಿದ್ರ, ನನ್ನ ರ‍್ಯಾಂಕ್ ನೋಡಿ ನಿಮಗ ಖುಷಿ ಆಗಿರಲಿಲ್ಲೇನ್ರಿ ಸರ್?"

"ಇಲ್ಲವ್ವ."

"ಆತ್ರಿ ಸರ್" ಎಂದು ಹೋದಳು.

ಆಮೇಲೂ ಹಲವು ವರ್ಷ ಅದೇ ಡ್ಯೂಟಿ ಮಾಡಿದೆ. ಮಗುವಿನ ಹಾಳೆಯಲ್ಲಿ ಮತ್ತೆಂದೂ ನನ್ನ ಕೈಯಿಂದ ಬರೆಯಲಿಲ್ಲ. ನಿಯಮ ಹೇಳಿ, ಅವರಿಂದಲೇ ಬರೆಸಿದೆ. ಕಲಿಸುವವನಿಗೆ ಹೊಟ್ಟೆಕಿಚ್ಚು ಬರಬಾರದು ಎಂದು ನಾನು ಉಪದೇಶ ಮಾಡಲಾರೆ. ಅದು ಬರುತ್ತದೆ. ಬಂದ ದಿನ ಆ ಕುರ್ಚಿಯಿಂದ ಎದ್ದು, ಬೇರೆಯವರನ್ನು ಕೂರಿಸಿ ಹೋಗಬೇಕು ಎಂಬುದಷ್ಟೇ ಈ ವೃತ್ತಿ ನನಗೆ ಕಲಿಸಿದ್ದು. ಸೀಟು ತಪ್ಪಿದವರಿಗೆ ಎರಡನೇ ಸುತ್ತಿನ ಕೌನ್ಸೆಲಿಂಗ್ ಇರುತ್ತದೆ. ಸುಜಾತಾಳಿಗೆ ಸೀಟು ಸಿಕ್ಕಿತು, ಆದರೆ ಅಂದು ಆ ಲ್ಯಾಬಿನಲ್ಲಿ ಅವಳು ತನ್ನ ಮೇಷ್ಟ್ರನ್ನು ಕಳೆದುಕೊಂಡಳು. ಅದಕ್ಕೆ ಎರಡನೇ ಸುತ್ತು ಇರಲಿಲ್ಲ.