ತಂಗಿಯ ಮದುವೆಯ ಗೌನು

ಬೀದಿಯವರೆಲ್ಲ ಅವಳನ್ನು ಟೇಲರಕ್ಕ ಎಂದೇ ಕರೆಯುತ್ತಿದ್ದರು. ಬಾಯಿ ಸ್ವಲ್ಪ ಜೋರು, ಕೈ ಮಾತ್ರ ಬಂಗಾರ. ಅಳತೆ ಕೊಡಲು ನಿಂತವರು ಹೊಟ್ಟೆ ಎಳೆದುಕೊಂಡರೆ, "ಉಸಿರು ಬಿಡಿ, ಬಟ್ಟೆ ಹಾಕ್ಕೊಂಡ ಮೇಲೂ ಬದುಕಬೇಕಲ್ಲ" ಎನ್ನುವಳು. ಇಂಥವಳು ಜೀವನದಲ್ಲಿ ಒಂದೇ ಒಂದು ಬಟ್ಟೆಯನ್ನು ಬೇಕೆಂದೇ ಕೆಡಿಸಿದ್ದಳು. ಅದು ಒಡಹುಟ್ಟಿದ ತಂಗಿಯ ಮದುವೆಯ ಗೌನು.

ಇವಳನ್ನು ನೋಡಲು ಬಂದ ಗಂಡು ತಂಗಿಯನ್ನು ಒಪ್ಪಿಕೊಂಡು ಹೋಗಿದ್ದ. ಹೊಟ್ಟೆಕಿಚ್ಚಿನಲ್ಲಿ ಟೇಲರಕ್ಕ ಗೌನಿನ ಸೊಂಟಕ್ಕೆ ಬರೀ ಕಚ್ಚಾ ಹೊಲಿಗೆ ಹಾಕಿ, ಅದರ ಮೇಲೆ ಮಿಷನ್ ಓಡಿಸದೆ ಬಿಟ್ಟಳು. ಚರ್ಚಿನಲ್ಲಿ ತಂಗಿ ಮಂಡಿಯೂರಿದಳು. ಹೊಲಿಗೆ ಪರ್ರನೆ ಬಿಟ್ಟುಕೊಂಡಿತು. "ನಮ್ಮ ಸೊಸೆಗೆ ಗೌನೂ ಸಾಲಲಿಲ್ಲ" ಎಂದು ಅತ್ತೆ ನಕ್ಕರು, ನಂಟರೂ ನಕ್ಕರು. ಇಪ್ಪತ್ತೆರಡು ವರ್ಷವಾದರೂ ಆ ಮನೆಯಲ್ಲಿ ಆ ಮಾತು ಸವೆದಿಲ್ಲ. ಪಾಪ, ತಂಗಿ ಅಂದಿನಿಂದ ನಾಲ್ಕು ಜನರ ಮುಂದೆ ಹೊಟ್ಟೆ ತುಂಬ ಉಂಡವಳಲ್ಲ.

ಟೇಲರಕ್ಕ ಪ್ರತಿ ವರ್ಷ ಪಾಪನಿವೇದನೆಗೆ ಹೋಗಿ, "ಹೊಟ್ಟೆಕಿಚ್ಚು ಪಟ್ಟೆ ಫಾದರ್" ಎಂದು ಕಣ್ಣೊರೆಸಿಕೊಂಡು ಹಗುರಾಗಿ ಬರುತ್ತಿದ್ದಳು. ಆ ಹಗುರ ಎರಡು ದಿನ ಇರುತ್ತಿತ್ತು. ಈ ಸಲ ಬಂದ ಹೊಸ ಫಾದರ್ ಅಷ್ಟಕ್ಕೇ ಬಿಡದೆ, ಯಾರ ಮೇಲೆ, ಏನು ಮಾಡಿದೆ ಎಂದು ಕೇಳಿದರು. ಎಲ್ಲ ಹೇಳಿದಳು.

"ದೇವರು ಕ್ಷಮಿಸ್ತಾನಮ್ಮ. ಆದ್ರೆ ನಿನ್ನ ಪಶ್ಚಾತ್ತಾಪ ಇನ್ನೂ ಅರ್ಧದಲ್ಲೇ ನಿಂತಿದೆ. ನಿನ್ನ ತಪ್ಪನ್ನ ಅವಳು ತನ್ನದು ಅನ್ಕೊಂಡು ಬದುಕ್ತಿದಾಳೆ. ಅದನ್ನ ವಾಪಸ್ ತಗೋಬೇಡ್ವಾ?"

ಮಾರನೇ ದಿನ ಮಧ್ಯಾಹ್ನಕ್ಕೆ ಮುಂಚೆ ತಂಗಿಯನ್ನು ಅಂಗಡಿಗೆ ಕರೆಸಿದಳು. ಕತ್ತರಿ ಎತ್ತಿಟ್ಟಳು, ಟೇಪು ಸುತ್ತಿಟ್ಟಳು. ತನ್ನವಳೆಂದು ಉಳಿದಿದ್ದವಳು ಇವಳೊಬ್ಬಳೇ. ಇವಳೂ ಮುಖ ತಿರುಗಿಸಿದರೆ? ಕೊನೆಗೂ ಹೇಳಿದಳು.

"ಬೇಕಂತಲೇನಾ?" ಎಂದಳು ತಂಗಿ.

"ಬೇಕಂತಲೇ."

"ಹಾಗಾದ್ರೆ ನಾನು ದಪ್ಪ ಇರ್ಲಿಲ್ಲ."

"ಇರ್ಲಿಲ್ಲ ಕಣೇ. ಅಳತೆ ಸರಿಯಾಗೇ ಇತ್ತು."

ತಂಗಿ ಬಹಳ ಹೊತ್ತು ಅತ್ತಳು. ಸಿಟ್ಟೂ ಬಂತು, ಬರಬೇಕಾದ್ದೇ. ಆಮೇಲೆ ಕೇಳಿದಳು: "ಇದನ್ನ ನಮ್ಮತ್ತೆ ಮುಂದೆ ಹೇಳ್ತೀಯಾ? ಈಗ, ಎಲ್ಲರೂ ಊಟಕ್ಕೆ ಕೂತಿರುವಾಗ?"

ಇಡೀ ಬೀದಿಗೆ ಬುದ್ಧಿ ಹೇಳುವ ಟೇಲರಕ್ಕನಿಗೂ ಹೆದರಿಕೆಯಾಯಿತು. ಆದರೂ "ನಡಿ" ಎಂದು ಎದ್ದು, ಅಂಗಡಿಯ ಬಾಗಿಲೆಳೆದಳು.

ದಾರಿಯುದ್ದಕ್ಕೂ ತಂಗಿ ಎರಡು ಹೆಜ್ಜೆ ಮುಂದೆಯೇ ನಡೆದಳು. ಮನೆಯ ಮೆಟ್ಟಿಲ ಹತ್ತಿರ ಬಂದಾಗ ಮಾತ್ರ, ಮುಖ ಊದಿಸಿಕೊಂಡೇ, ಅಕ್ಕನ ಕೈ ಹಿಡಿದುಕೊಂಡಳು.