ಅಕ್ಕನ ಮೂಗು ಹಿಡಿದ ಕೈ

ಹಣ್ಣಿನ ಸಿಪ್ಪೆ ಸುಲಿದು ತೊಳೆದು ಕಣದಲ್ಲಿ ಒಣಗಿಸುವ ಪಾರ್ಚ್‌ಮೆಂಟ್ ಕಾಫಿಗೆ ಹುಳಿಯೂ ಅಲ್ಲದ, ಸಿಹಿಯೂ ಅಲ್ಲದ ಒಂದು ವಾಸನೆ ಇರುತ್ತದೆ. ಗೋಣಿಬೀಡಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಅದು ಬಂದರೆ ನನಗೆ ಮೊದಲು ನೆನಪಾಗುವುದು ಸುಮಿತ್ರಕ್ಕನ ಬೆರಳುಗಳು. ಅಪ್ಪ ಅಲ್ಲಿನ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕಣದ ಪಕ್ಕದ ಎರಡು ಕೋಣೆಯ ಮನೆ ನಮ್ಮದು; ಈಗ ಅಲ್ಲಿ ಪಾಯವೂ ಉಳಿದಿಲ್ಲ. ಶಾಲೆಯಿಂದ ಬಂದವಳೇ ಅಕ್ಕ ಕಣಕ್ಕಿಳಿದು, ಕಾಫಿಯನ್ನು ಕಾಲಿನಿಂದ ಕೆದಕುತ್ತಾ ಅದರ ಸದ್ದಿಗೆ ಕಿವಿಗೊಡುತ್ತಿದ್ದಳು. ಆಮೇಲೆ ಒಂದು ಬೀಜವನ್ನು ಬೆರಳುಗಳಲ್ಲಿ ಉಜ್ಜಿ, ಕಚ್ಚಿ, "ಇನ್ನೊಂದು ಬಿಸಿಲು ಬೇಕು" ಎನ್ನುತ್ತಿದ್ದಳು. ಮುದುಕ ಮೇಸ್ತ್ರಿ ನಗುತ್ತಾ, "ಸುಮಿತ್ರಮ್ಮ ಹೇಳಿದ್ಮೇಲೆ ಮುಗೀತು, ಚೀಲ ತರಬೇಡ್ರೋ" ಎಂದು ಆಳುಗಳಿಗೆ ಕೂಗುತ್ತಿದ್ದ.

ಪುಸ್ತಕ ತೆರೆದರೆ ಮಾತ್ರ ಅವಳಿಗೆ ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತಿದ್ದವು. ಐದನೇ ತರಗತಿಯಲ್ಲಿ ಎರಡು ಸಲ ಫೇಲಾದಳು. ಎರಡು ವರ್ಷ ಚಿಕ್ಕವಳಾದ ನಾನು ಅವಳ ಪಕ್ಕಕ್ಕೇ ಬಂದು ಕೂತೆ. ನಮ್ಮ ಮೇಷ್ಟ್ರು ಕೆಟ್ಟವರಲ್ಲ. ಎಲ್ಲರಿಗೂ ಒಂದೇ ಪಾಠ, ಒಂದೇ ಶಿಕ್ಷೆ, ಅದೇ ನ್ಯಾಯ ಎಂದು ನಂಬಿದ್ದರು. ಓದಲು ಬರುವವರು ಬಾರದವರ ಮೂಗು ಹಿಡಿದು ಕೆನ್ನೆಗೆ ಹೊಡೆಯಬೇಕು. ಅಂದು ಇದ್ದದ್ದು ನಾಲ್ಕೇ ಸಾಲು. ಅಕ್ಕ ಮೊದಲ ಪದದಲ್ಲೇ ನಿಂತಳು. ನಾನು ಸರಾಗವಾಗಿ ಓದಿದೆ. "ಏನು ನೋಡ್ತೀಯ? ಅಕ್ಕ ಅಂತ ರಿಯಾಯಿತಿ ಇಲ್ಲ ಇಲ್ಲಿ" ಎಂದರು ಮೇಷ್ಟ್ರು. ತರಗತಿ ನಕ್ಕಿತು. ನಾನು ಅವಳ ಮೂಗು ಹಿಡಿದು, ಕೆನ್ನೆ ಮುಟ್ಟಿದಂತೆ ಮಾಡಿದೆ. ಮೇಷ್ಟ್ರು ಕೋಲು ಎತ್ತಿಕೊಂಡರು. ಕಟ್ಟಿದ ಮೂಗಿನ ದನಿಯಲ್ಲಿ ಅಕ್ಕ ಮೆಲ್ಲಗೆ, "ಜೋರಾಗಿ ಹೊಡಿ ಮಾರಾಯ್ತಿ, ಇಲ್ದಿದ್ರೆ ನಿಂಗೂ ಬೀಳ್ತದೆ" ಎಂದಳು.

ಹೊಡೆದೆ.

ಮರುದಿನ ಅವಳು ಶಾಲೆಗೆ ಹೊರಡಲಿಲ್ಲ. ಅಮ್ಮ ಬೈದಳು, ಅಪ್ಪ ಎರಡು ದಿನ ಮಾತು ಬಿಟ್ಟರು. ಆಮೇಲೆ ಕಣವೇ ಅವಳಿಗೆ ಖಾಯಂ ಆಯಿತು. ಸದ್ದಿನಿಂದಲೇ ಬೀಜದೊಳಗಿನ ತೇವ ಅಳೆಯುತ್ತಿದ್ದವಳಿಗೆ ಬೇರೊಂದು ದಾರಿಯಲ್ಲಿ ಅಕ್ಷರ ಕಲಿಸಬಹುದಿತ್ತೇನೋ. ಅದಕ್ಕೆ ಯಾರಾದರೂ ಅವಳಿಗೆ ಗೊತ್ತಿದ್ದದ್ದನ್ನು ಒಮ್ಮೆ ಕೇಳಬೇಕಿತ್ತು. ಪಕ್ಕದಲ್ಲೇ ಕೂತಿದ್ದ ನಾನೂ ಕೇಳಲಿಲ್ಲ.

ಅಕ್ಕ ಈಗ ಕಳಸದಲ್ಲಿದ್ದಾಳೆ. ಅವಳ ಮಗಳು ಹೋಗುವ ಶಾಲೆಯಲ್ಲಿ ಕೋಲಿಲ್ಲ, ಯಾರೂ ಯಾರ ಮೂಗನ್ನೂ ಹಿಡಿಯುವುದಿಲ್ಲ. ಹೋದ ತಿಂಗಳು ನಾನು ಹೋದಾಗ ಮಗು ಪುಸ್ತಕದ ಮೊದಲ ಪದದ ಮೇಲೆ ಬೆರಳಿಟ್ಟು ಕೂತಿತ್ತು. "ಇವಳೂ ನನ್ನ ಹಾಗೇ ಕಣೆ. ಇವಳೊಬ್ಬಳಿಗೋಸ್ಕರ ಕ್ಲಾಸು ಕಾಯೋಕಾಗಲ್ವಂತೆ, ಟೀಚರ್ ಹೇಳಿದ್ರು" ಎಂದಳು ಅಕ್ಕ. ನಾನು ಆ ಸಾಲನ್ನು ಸರಾಗವಾಗಿ ಓದಿ ತೋರಿಸಬಹುದಿತ್ತು. ಓದದೆ ಮಗುವಿನ ಪಕ್ಕ ಕೂತೆ. ಅಕ್ಕನೂ ಬಂದು ಪಕ್ಕದಲ್ಲಿ ಕೂತಳು. ಮಗು ಬೆರಳು ತೆಗೆಯಲಿಲ್ಲ. ಮೂವರೂ ಆ ಒಂದು ಪದವನ್ನೇ ನೋಡುತ್ತಾ ಕೂತೆವು.